ನಾಲ್ಕು ವರ್ಷದ ಪಥ್ಯ

ಜಂಗಮ ಈರಯ್ಯಸ್ವಾಮಿ ತೀರಿಕೊಂಡ ಗುರುಶಾಂತಮ್ಮನ ಬಲಗಾಲನ್ನು ಮೂರನೇ ಸಲ ಮಡಿಚಲು ನೋಡಿದರು. ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವ ಮಂದಿ ಇವರು; ಆನೆಕಾಲು ಬಾಗಲೊಲ್ಲದು.

"ಕಾಲು ಚಾಚೇ ಕುಂದರಸ್ರಿ," ಎಂದರು ಕೊನೆಗೆ. "ಶಿವ ಏನು ಕಾಲು ಅಳೀತಾನೇನು?"

ಪೋತ್ನಾಳದ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ನರ್ಸ್ ನಾಗವೇಣಿ ಸಾವಿನ ಸುದ್ದಿ ಕೇಳಿ ಬಂದಿದ್ದಳು; ಹೆಣದ ಎಡಗಾಲನ್ನು ಒತ್ತಿ ನೋಡಿದಳು. ಬೆರಳಿಳಿದ ಕುಳಿ ಹಾಗೇ ಉಳಿಯಿತು.

"ಈ ಕಾಲು, ಮುಖ ಯಾಕ ಬಾತಾವ? ಏನು ಉಣ್ಣತಿದ್ರು?"

"ಖಡಕ್ ಪಥ್ಯ ರೀ," ಗಂಡ ಬಸವಲಿಂಗ ಹೆಮ್ಮೆಯಿಂದಲೇ ಹೇಳಿದ. "ನಾಕು ವರ್ಷ ರೊಟ್ಟಿ, ಹುಣಸಿ ಸಾರು. ಬ್ಯಾಳಿ, ಹಾಲು ಮುಟ್ಟಿಸಿಲ್ಲ."

ಮಗಳು ಅನುರಾಧಾ ತಲೆ ಎತ್ತಿದಳು.

*

ನಾಲ್ಕು ವರ್ಷದ ಹಿಂದೆ ರಾಯಚೂರಿನ ಡಾಕ್ಟರು ಸರಿಯಾಗಿಯೇ ಹೇಳಿದ್ದರು. ರಕ್ತದಿಂದ ಪ್ರೊಟೀನು ದಿನಾ ಒಂದಿಷ್ಟು ಹೊರಗೆ ಸೋರುತ್ತದೆ. ಅದನ್ನು ಮರಳಿ ರಕ್ತಕ್ಕೆ ಮುಟ್ಟಿಸುವ ಸಣ್ಣ ನಾಳಗಳು ಈ ಬಲಗಾಲಲ್ಲಿ ಕೆಟ್ಟಿವೆ. ಪ್ರೊಟೀನು ಅಲ್ಲೇ ನಿಂತು ನೀರು ಹಿಡಿಯುತ್ತದೆ. ದಿನಾ ತೊಳೆಯಿರಿ, ಬಿಗಿಯಾಗಿ ಬ್ಯಾಂಡೇಜು ಸುತ್ತಿ, ನಡೆಸಿ. ಇಷ್ಟರಲ್ಲಿ ಬಸವಲಿಂಗನ ಕಿವಿಗೆ ಬಿದ್ದದ್ದು ಒಂದೇ ಮಾತು: ಪ್ರೊಟೀನಿನಿಂದ ಕಾಲು ಬಾಯುತ್ತದೆ.

"ಪ್ರೊಟೀನು ಯಾವುದರಾಗ ಇರತದ?" ಬಸ್ಸಿನಲ್ಲಿ ಮಗಳನ್ನು ಕೇಳಿದ. ಅವಳು ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಉಂಡದ್ದು ಕಾಲಿಗೆ ಹೋಗುತ್ತದೆಯೇ ಎಂದು ಅನುಮಾನವೇನೋ ಬಂತು, ಆದರೆ ಅಪ್ಪನೆದುರು ಗೊತ್ತಿಲ್ಲ ಎನ್ನುವುದು ಹೇಗೆ? ಪಾಠ ಒಪ್ಪಿಸಿದಂತೆ ಯಾದಿ ಬರೆದುಕೊಟ್ಟಳು: ಬೇಳೆ, ಶೇಂಗಾ, ಹಾಲು, ಮೊಸರು.

"ಒಂದೀಟು ಮೊಸರರ ಹಾಕ ಯವ್ವಾ," ಎಂದು ತಾಯಿ ಬೇಡುತ್ತಿದ್ದಳು.

"ಕಾಲಿಗೆ ಹೋಗತದಬೇ," ಎಂದು ಹೇಳಿ, ತಾನು ಮೊಸರನ್ನ ಉಂಡು ಶಾಲೆಗೆ ಹೋಗುತ್ತಿದ್ದಳು ಮಗಳು.

*

"ಉಂಡ ಬ್ಯಾಳಿ ನೆಟ್ಟಗ ಕಾಲಿಗೆ ಹೋಗಿ ಕೂಡಂಗಿಲ್ಲರೀ," ನಾಗವೇಣಿ ದನಿ ತಗ್ಗಿಸಿದಳು. "ರಕ್ತದಾಗಿನ ಪ್ರೊಟೀನೇ ನೀರನ್ನ ಒಳಗ ಹಿಡಿದಿಡತದ. ಅದು ಕಡಿಮಿ ಆದ್ರ ಮೈಯೆಲ್ಲಾ ಬಾಯತದ. ಯಾರು ಹೇಳಿದ್ರು ನಿಮಗ ಬಿಡ್ರಿ ಅಂತ?"

ಬಸವಲಿಂಗ ಸೀರೆಯ ಅಂಚೆಳೆದು ಹೆಣದ ಕಾಲು ಮುಚ್ಚಿದ. ಅನುರಾಧಾ ಎದ್ದು ನಿಂತಳು. ಸುಮ್ಮನಿದ್ದರೆ ಇನ್ನೊಂದು ತಾಸಿನಲ್ಲಿ ಎಲ್ಲ ಮುಚ್ಚಿಹೋಗುತ್ತಿತ್ತು.

"ಯಾದಿ ಬರದಾಕಿ ನಾನು," ಎಂದಳು. "ನಮ್ಮವ್ವನ್ನ ಉಪಾಸ ಕೆಡವಿದಾಕಿ ನಾನ."

ಹೊತ್ತಾಯಿತೆಂದು ಈರಯ್ಯಸ್ವಾಮಿ ಹೆಣ ಎತ್ತಿಸಿದರು.

ಗುಂಡಿಯೊಳಗೆ ಕೂರಿಸಿ ವಿಭೂತಿ, ಪತ್ರಿ ಹಾಕಿದ ಮೇಲೆ ಒಬ್ಬೊಬ್ಬರೇ ಮಣ್ಣು ಕೊಡತೊಡಗಿದರು. ಅನುರಾಧಾ ಹಿಡಿ ಮಣ್ಣು ತುಂಬಿಕೊಂಡು ಬಾಗಿದಳು. ಬಸವಲಿಂಗ ಅವಳ ಮಣಿಕಟ್ಟು ಹಿಡಿದ.

"ನೀ ಹಾಕಬ್ಯಾಡ," ಎಂದ, ನಾಲ್ಕು ಮಂದಿಗೆ ಕೇಳುವಂತೆ. "ನಿನ್ನ ಮಾತು ನಂಬಿ ಕೆಟ್ಟೆ."

ತನ್ನ ಪಾಲಿನ ಮಣ್ಣು ಹಾಕಿ ಕೈ ಝಾಡಿಸಿಕೊಂಡ. ಸಲಿಕೆಯವರು ಗುಂಡಿ ಮುಚ್ಚಿದರು. ಜನರೆಲ್ಲ ಕೈಕಾಲು ತೊಳೆಯಲು ಕಾಲುವೆಯ ಕಡೆ ಹೊರಟರು. ಅನುರಾಧಾ ಮುಷ್ಟಿ ಬಿಚ್ಚದೆ ಅವರ ಹಿಂದೆ ನಡೆದಳು.