ಎಷ್ಟು ಕೂಸು ಸಾಕು

"ಎಷ್ಟು ಕೂಸು ಬೇಕಾಗ್ತಾವ್ರಿ ಮೇಡಮ್?"

ಮೈತ್ರೇಯಿ ಸಹಿ ಮಾಡಲೆಂದು ಪೆನ್ನಿನ ಮುಚ್ಚಳ ತೆಗೆದಾಗಿತ್ತು. ಎದುರಿಗೆ ಕುಳಿತ ಹುಡುಗಿ ಕಾಗದ ಮುಂದೆ ಸರಿಸುವ ಬದಲು ಹೀಗೊಂದು ಪ್ರಶ್ನೆ ಕೇಳಿದ್ದರಿಂದ ಪೆನ್ನು ಕೈಯಲ್ಲೇ ಉಳಿಯಿತು.

ವಿದ್ಯಾನಗರದ ಆ ಮೆಡಿಕಲ್ ಕಾಲೇಜಿಗೆ ಸಂಖ್ಯಾಶಾಸ್ತ್ರ ಕಲಿಸಲು ಬಂದು ಅವಳಿಗೆ ಹತ್ತೊಂಬತ್ತು ವರ್ಷವಾಗಿತ್ತು. ಬೆಳಿಗ್ಗೆ ಧಾರವಾಡದಿಂದ ಎಂಟೂಕಾಲರ ಬಸ್ಸು, ಗ್ರಂಥಾಲಯದ ಪಕ್ಕದ ಕಿರುಕೋಣೆ, ಸಂಜೆ ಮತ್ತೆ ಬಸ್ಸು. ಇಷ್ಟು ಜನ ಡಾಕ್ಟರರ ನಡುವೆ ಡಾಕ್ಟರಲ್ಲದವಳು ಅವಳೊಬ್ಬಳೇ. ಪ್ರಬಂಧದ ಪ್ರಸ್ತಾವ ಸಲ್ಲಿಸುವ ಕೊನೆಯ ವಾರ ಬಂತೆಂದರೆ ಮಾತ್ರ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅವಳ ಕೋಣೆಯ ನೆನಪಾಗುತ್ತಿತ್ತು. "ಮೇಡಮ್, ಈ ಗುಂಪಿಗೆ ಮೂವತ್ತು, ಆ ಗುಂಪಿಗೆ ಮೂವತ್ತು ತಗೊಂಡೇವ್ರಿ. ಅದಕ್ಕೊಂದು ಲೆಕ್ಕ ಕೂಡಿಸಿ ಕೊಡ್ರಿ" ಎನ್ನುತ್ತಿದ್ದರು. ಮದುವೆ ನಿಶ್ಚಯವಾದ ಮೇಲೆ ಜಾತಕ ಕೂಡಿಸಿದ ಹಾಗೆ. ಮೂವತ್ತು ಎಂಬುದು ಮೊದಲೇ ಗೊತ್ತಾಗಿರುತ್ತಿತ್ತು. ಮೂವತ್ತೇ ಬರುವ ಹಾಗೆ ಸೂತ್ರದಲ್ಲಿ ಯಾವ ಅಂಕಿ ಎಲ್ಲಿ ಇಡಬೇಕೆಂದು ಮೈತ್ರೇಯಿಗೂ ಗೊತ್ತಾಗಿಬಿಟ್ಟಿತ್ತು. ಹತ್ತು ನಿಮಿಷದ ಕೆಲಸ. ಸಹಿ ಹಾಕಿ ಕಳಿಸುತ್ತಿದ್ದಳು.

ಎಷ್ಟು ಬೇಕು ಎಂದು ಯಾರೂ ಕೇಳಿರಲಿಲ್ಲ.

"ನಿನ್ನ ಹೆಸರೇನಂದಿ?"

"ರೆಬೆಕಾ ರೀ. ಮಕ್ಕಳ ವಿಭಾಗ. ಸತ್ಯಾನಂದ ಸರ್ ನನ್ನ ಗೈಡ್."

"ಏನು ನೋಡಬೇಕಂತ ಮಾಡೀದಿ?"

ರೆಬೆಕಾ ಕುರ್ಚಿಯನ್ನು ಮುಂದೆ ಎಳೆದುಕೊಂಡಳು. "ತೂಕ ಕಡಿಮಿ ಇರೋ ಕೂಸುಗಳನ್ನ ತಾಯಿ ಎದಿಮ್ಯಾಲ ಅವಚಿಕೊಂಡು ಕುಂಡ್ರತಾಳಲ್ರಿ, ಬೆಚ್ಚಗಿರ್ಲಿ, ತೂಕ ಏರ್ಲಿ ಅಂತ. ಆದ್ರ ಆಪರೇಷನ್ ಆದ ತಾಯಿ ಎಷ್ಟೊತ್ತು ಕುಂಡ್ರತಾಳ್ರಿ? ಎರಡು ತಾಸು, ಮೂರು ತಾಸು. ಆಮ್ಯಾಲ ಕೂಸು ಮತ್ತ ಕಾವು ಕೊಡೂ ಮಷಿನ್ ಕೆಳಗ. ಹೊರಗ ವರಾಂಡಾದಾಗ ಅಜ್ಜಿ ಸುಮ್ಮನ ಕುಂತಿರತಾಳ. ಮೊನ್ನಿ ಕುಂದಗೋಳ ಕಡಿಯಾಕಿ ಒಬ್ಬಾಕಿ ಕೇಳಿದ್ಲು, 'ಅವ್ವಾ, ನನ್ನ ಎದಿ ಬೆಚ್ಚಗಿಲ್ಲೇನು?' ಅಂತ. ತಾಯಿ ದಣಿದಾಗ ಅಜ್ಜಿ ಕುಂತ್ರ ಕೂಸಿನ ತೂಕ ಲಗೂ ಏರತೈತೇನು ಅಂತ ನೋಡಬೇಕು ನಾನು."

"ಛಲೋ ಪ್ರಶ್ನೆ ಅದ. ನಿಮ್ಮ ಸರ್ ಏನಂದ್ರು?"

"ಆರು ವರ್ಷದ ಹಿಂದ ನಮ್ಮಲ್ಲೇ ನೋಡಿ ಆಗೇತಂತ್ರಿ. ಏನೂ ಫರಕ ಇಲ್ಲ ಅಂತ ಬಂತಂತ. ಆವಾಗಿಂದನ ಅಜ್ಜಿಗಳನ್ನ ಒಳಗ ಬಿಡೂದು ನಿಲ್ಲಿಸ್ಯಾರ. ಮಾಡೂದಾದ್ರ ಮತ್ತ ಮೂವತ್ತು ಮೂವತ್ತು ತಗೊಂಡು ಮುಗಿಸು ಅಂದ್ರು." ಅವಳು ಚೀಲದಿಂದ ಕಪ್ಪು ರಟ್ಟಿನ ಹಳೆಯ ಪ್ರಬಂಧವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. "ಇದ ನೋಡ್ರಿ ಅದು. ಮೂವತ್ತು ಕೂಸು ನೋಡಿ ಹಂಗ ಹೇಳಾಕ ಬರತೈತೇನ್ರಿ?"

ಮೈತ್ರೇಯಿ ಪುಟ ತಿರುವಿದಳು. ಕೊನೆಯಲ್ಲಿ, ಅನುಬಂಧದ ಮೂರನೆಯ ಹಾಳೆಯ ಕೆಳಗೆ, ಅವಳದೇ ಸಹಿ ಇತ್ತು.

ಅವಳು ಪುಸ್ತಕವನ್ನು ತೆರೆದೇ ಪಕ್ಕಕ್ಕಿಟ್ಟಳು. ಒಂದು ಬಿಳಿ ಹಾಳೆ ಎಳೆದುಕೊಂಡು, "ಒಂದು ಕೂಸು ದಿನಕ್ಕ ಎಷ್ಟು ಗ್ರಾಮ್ ಏರತದ?" ಎಂದು ಕೇಳಿದಳು.

"ಒಂದೊಂದು ಒಂದೊಂದು ಥರ ರೀ. ಒಂದು ಹದಿನೈದು, ಇನ್ನೊಂದು ಮೂವತ್ತು. ಕೆಲವು ಇಳೀತಾವ."

"ಆ ಹೆಚ್ಚು ಕಡಿಮಿ ಅದಲ್ಲ, ಅದನ್ನ ಈ ಪುಸ್ತಕದಾಗ ಎಂಟು ಗ್ರಾಮ್ ಅಂತ ಬರದಾರ. ಅದು ಇರಲಿ. ಈಗ ನನಗ ಗೊತ್ತಾಗದ ಮಾತೊಂದು ನೀ ಹೇಳಬೇಕು. ಅಜ್ಜಿ ಕುಂತದ್ದಕ್ಕ ದಿನಕ್ಕ ಎಷ್ಟು ಗ್ರಾಮ್ ಹೆಚ್ಚಾದ್ರ ಅದು ಉಪಯೋಗದ್ದು ಅಂತೀದಿ? ಇದು ಸೂತ್ರದಾಗ ಸಿಗೂದಿಲ್ಲ. ನೀ ಡಾಕ್ಟರ್, ನೀನ ಹೇಳಬೇಕು."

ರೆಬೆಕಾ ಯೋಚಿಸಿದಳು. "ಮೂರು ಗ್ರಾಮ್ ಆದ್ರೂ ಸಾಕ್ರಿ. ಹತ್ತು ದಿವಸಕ್ಕ ಮೂವತ್ತು ಗ್ರಾಮ್. ಒಂದೆರಡು ದಿವಸ ಮೊದಲ ಮನಿಗೆ ಹೋಗ್ತಾವ."

ಮೈತ್ರೇಯಿ ಬರೆದಳು, ಗುಣಿಸಿದಳು, ಭಾಗಿಸಿದಳು. ಪ್ರತಿ ಗುಂಪಿಗೆ ನೂರಾಹನ್ನೆರಡು. ನಡುವೆ ಬಿಟ್ಟುಹೋಗುವವರು ನೂರಕ್ಕೆ ಹತ್ತೆಂದು ಹಿಡಿದರೆ ನೂರಾ ಇಪ್ಪತ್ತೈದು. ಎರಡೂ ಕೂಡಿ ಇನ್ನೂರೈವತ್ತು. ಆ ಅಂಕಿಗೊಂದು ಸುತ್ತು ಹಾಕಿ, ಹಾಳೆಯನ್ನು ಹುಡುಗಿಯ ಕಡೆ ತಿರುಗಿಸಿದಳು. ರೆಬೆಕಾ ಅದನ್ನು ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಅವಳು ಹೋದ ಮೇಲೆ ಮೈತ್ರೇಯಿ ಬಾಗಿಲು ಮುಂದೆ ಮಾಡಿ ಹಳೆಯ ಪ್ರಬಂಧದ ಅದೇ ಹಾಳೆಗೆ ಮರಳಿದಳು. ತಾನು ಅಂದು ಏನು ಮಾಡಿದ್ದೆನೆಂಬುದು ಒಂದು ಸಾಲಿನಲ್ಲೇ ಕಂಡಿತು. ಮೂರರ ಜಾಗದಲ್ಲಿ ಆರು ಗ್ರಾಮ್ ಇಟ್ಟಿದ್ದಳು. ಆರು ಇಟ್ಟರೆ ಇಪ್ಪತ್ತೆಂಟು ಬರುತ್ತದೆ. ಅದನ್ನು ಮೂವತ್ತು ಮಾಡುವುದು ಸುಲಭ. ಅಷ್ಟು ಫರಕನ್ನು ಆ ವಾರ್ಡಿನಲ್ಲಿ ಯಾರೂ ಕಂಡಿರಲಿಲ್ಲ, ಕಾಣುವ ಭರವಸೆಯೂ ಇರಲಿಲ್ಲ. ನಿಜವಾದ ಫರಕು ಮೂರು ಗ್ರಾಮ್ ಇದ್ದಿದ್ದರೆ ಆ ಅಧ್ಯಯನ ಅದನ್ನು ಹಿಡಿಯುವ ಸಂಭವ ಎಷ್ಟಿತ್ತೆಂದು ಲೆಕ್ಕ ಹಾಕಿದಳು. ನೂರಕ್ಕೆ ಮೂವತ್ತು. ತಪ್ಪಿಸಿಕೊಳ್ಳುವ ಸಂಭವ ಎಪ್ಪತ್ತು. ದೊಡ್ಡ ಕಣ್ಣಿನ ಜರಡಿಯಲ್ಲಿ ಸಾಸಿವೆ ಸಾಣಿಸಿ, ಜರಡಿಯಲ್ಲಿ ಏನೂ ಉಳಿಯಲಿಲ್ಲವೆಂದು ಚೀಲದಲ್ಲಿ ಸಾಸಿವೆಯೇ ಇರಲಿಲ್ಲ ಎಂದಂತಾಗಿತ್ತು. ಆ ಮಾತನ್ನು ನಂಬಿ ಆರು ವರ್ಷದಿಂದ ಒಂದು ಬಾಗಿಲು ಮುಚ್ಚಿತ್ತು. ಅಜ್ಜಿಯರಿಂದ ಉಪಯೋಗ ಉಂಟೆಂದು ಅವಳಿಗೂ ಗೊತ್ತಿರಲಿಲ್ಲ. ಇಲ್ಲವೆಂದು ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ.

ಮರುದಿನ ಇಬ್ಬರೂ ಸತ್ಯಾನಂದರ ಕೋಣೆಗೆ ಹೋದರು. ಸತ್ಯಾನಂದ ಒಳ್ಳೆಯ ಡಾಕ್ಟರರೆಂದು ಊರಿಗೆಲ್ಲ ಗೊತ್ತು; ಮಾತು ಮಾತ್ರ ಖಾರ.

"ಇನ್ನೂರೈವತ್ತು?" ಅವರು ಹಾಳೆಯನ್ನು ಬೆರಳ ತುದಿಯಿಂದ ಹಿಡಿದು ನೋಡಿದರು. "ಮೇಡಮ್, ತಿಂಗಳಿಗೆ ನಮಗ ಸಿಗೋದು ಹತ್ತು ಕೂಸು. ಇಕಿ ಕೈಯಾಗ ಇರೋದು ಹದಿನೆಂಟು ತಿಂಗಳು. ನೂರಾ ಎಂಬತ್ತಾತು. ಉಳದ ಎಪ್ಪತ್ತು ನಿಮ್ಮ ಸೂತ್ರ ಹಡೀತದೇನು?"

"ಹಂಗಾದ್ರ ಮೂವತ್ತರಾಗ ಮಾಡೋದೂ ಬ್ಯಾಡ್ರಿ ಸರ್. ಅದರಿಂದ ಏನೂ ತಿಳಿಯೂದಿಲ್ಲ."

"ತಿಳಿಯೂದು ಬಿಡೂದು ಆಮ್ಯಾಲ. ಈ ಹುಡುಗಿ ಪ್ರಬಂಧ ಮುಗೀಲಿಲ್ಲಂದ್ರ ಪರೀಕ್ಷಾಕ್ಕ ಕುಂಡ್ರಸೂದಿಲ್ಲ. ಆವಾಗ ಇವರ ಅಪ್ಪ ನಿಮ್ಮ ಕಡೆ ಬರೂದಿಲ್ಲ, ನನ್ನ ಕಡೆ ಬರ್ತಾನ." ಅವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಕಾಳಜಿಯೇ ಇತ್ತು.

ಹೊರಗೆ ಮೆಟ್ಟಿಲ ಬಳಿ ರೆಬೆಕಾ ನಿಂತಳು. ಮಿಷನ್ ಶಾಲೆಯ ಮಾಸ್ತರರ ಮೊಮ್ಮಗಳು ಅವಳು, ಮನೆತನದಲ್ಲಿ ಮೊದಲ ಡಾಕ್ಟರು. "ಮೂವತ್ತಕ್ಕ ಬರದುಬಿಡ್ಲೇನ್ರಿ ಮೇಡಮ್?" ಎಂದಳು. ಕಣ್ಣು ತುಂಬಿದ್ದವು.

ಬರೆಯಬೇಡ ಎಂದು ಹೇಳಲು ಮೈತ್ರೇಯಿಗೆ ಮನಸ್ಸಾಗಲಿಲ್ಲ. ತಪ್ಪಿ ಹೋಗುವ ಪರೀಕ್ಷೆ ತನ್ನದಲ್ಲ. "ಗುರುವಾರ ಸಮಿತಿ ಮುಂದ ಯಾವ ಅಂಕಿ ಇಡಬೇಕು ಅನ್ನೋದು ನಿಂದು" ಎಂದಳು. "ಮೂವತ್ತು ಇಟ್ರ ನಾ ನಿನ್ನ ಮ್ಯಾಲ ಸಿಟ್ಟಾಗೂದಿಲ್ಲ. ಆದ್ರ ಸಹಿ ಮಾಡೂದಿಲ್ಲ. ಇನ್ನೂರೈವತ್ತು ಇಟ್ರ, ನಿನ್ನ ಬಾಜೂಕ ನಾ ನಿಂದರತೀನಿ."

ಗುರುವಾರ ಹನ್ನೊಂದು ಗಂಟೆಗೆ ನೈತಿಕ ಸಮಿತಿ ಕೂಡಿತು. ಯಾವ ಅಧ್ಯಯನಕ್ಕೂ ಈ ಸಮಿತಿ ಒಪ್ಪಿಗೆ ಕೊಡಬೇಕು. ಅಧ್ಯಕ್ಷರು, ನಾಲ್ಕು ಜನ ಡಾಕ್ಟರರು, ಒಬ್ಬ ವಕೀಲೆ, ಮೈತ್ರೇಯಿ, ಮತ್ತು ಸಾರ್ವಜನಿಕರ ಪರವಾಗಿ ಹಳೇ ಹುಬ್ಬಳ್ಳಿಯ ಬಾಬುಸಾಬ ಮಾಸ್ತರರು. ನಿವೃತ್ತ ಕನ್ನಡ ಮಾಸ್ತರರಾದ ಅವರು ಸಾಮಾನ್ಯವಾಗಿ ಒಪ್ಪಿಗೆ ಪತ್ರದ ಕಾಗುಣಿತ ತಿದ್ದಿಕೊಟ್ಟು, ಚಹಾ ಕುಡಿದು ಹೋಗುತ್ತಿದ್ದರು.

ರೆಬೆಕಾ ಎದ್ದು ನಿಂತಳು. ಪರದೆಯ ಮೇಲೆ ಮೊದಲ ಹಾಳೆ ಬಂತು, ಎರಡನೆಯದು ಬಂತು. ಮೂರನೆಯದರಲ್ಲಿ ಇನ್ನೂರೈವತ್ತು ಎಂದಿತ್ತು.

ಗೈಡ್ ಎಂದು ಬಂದಿದ್ದ ಸತ್ಯಾನಂದರು ಮುಂದೆ ಬಾಗಿದರು. "ಅಧ್ಯಕ್ಷರ, ಇದು ಹುಡುಗಿಯ ಉಮೇದಿ. ಇದ ವಿಷಯಕ್ಕ ಆರು ವರ್ಷದ ಹಿಂದ ಮೂವತ್ತು ಸಾಕಂತ ಇದ ಸಮಿತಿ ಒಪ್ಪೇದ. ಮೈತ್ರೇಯಿ ಮೇಡಮ್‌ರ ಸಹೀನೂ ಅದ."

ಎಲ್ಲರೂ ಮೈತ್ರೇಯಿಯ ಕಡೆ ತಿರುಗಿದರು. ಅವಳು ಎದ್ದಳು. ರಾತ್ರಿಯೆಲ್ಲ ಕೂಡಿಸಿಟ್ಟುಕೊಂಡಿದ್ದ ವಾಕ್ಯಗಳು ಒಂದೂ ನೆನಪಿಗೆ ಬರಲಿಲ್ಲ.

"ಖರೇ ಅದ" ಎಂದಳು. "ಆ ಸಹಿ ನಂದು. ಮೂವತ್ತು ಅನ್ನೋದು ಮೊದಲು ಬಂದಿತ್ತು, ಕಾರಣ ನಾ ಆಮ್ಯಾಲ ಹುಡುಕಿಕೊಟ್ಟೆ. ಕೂಸುಗಳು ದಿನಕ್ಕ ಆರು ಗ್ರಾಮ್ ಹೆಚ್ಚು ಏರತಾವ ಅಂತ ಸುಳ್ಳ ಹಿಡದೆ. ಅಷ್ಟು ಏರಲಿಲ್ಲ. ಅದಕ್ಕ ಫರಕ ಇಲ್ಲ ಅಂತ ಬಂತು. ಫರಕ ಇಲ್ಲ ಅಂತಲ್ರಿ ಅದರ ಅರ್ಥ. ನಮಗ ಕಾಣಸಲಿಲ್ಲ ಅಂತ. ಸತ್ಯಾನಂದ ಸರ್‌ದು ತಪ್ಪಿಲ್ಲ, ಆ ವಿದ್ಯಾರ್ಥಿದೂ ತಪ್ಪಿಲ್ಲ. ಲೆಕ್ಕ ನನ್ನ ಕೆಲಸ ಇತ್ತು."

ಒಬ್ಬ ಡಾಕ್ಟರರು ಎದುರಿಗಿದ್ದ ಬಿಸ್ಕೀಟಿನ ತಟ್ಟೆಯನ್ನೇ ನೋಡತೊಡಗಿದರು. ಆಗ ಬಾಬುಸಾಬ ಮಾಸ್ತರರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

"ನಾ ಅಡ್ಡ ಮಾತಾಡಾಕತ್ತೇನಿ ಅನಬ್ಯಾಡ್ರಿ. ನನಗ ಈ ಸೂತ್ರ ತಿಳಿಯಂಗಿಲ್ಲ. ಒಂದ ಮಾತು. ಏನೂ ತಿಳಿಯೂ ಹಂಗ ಇರಲಿಲ್ಲ ಅಂದಮ್ಯಾಲ ಆ ಅರವತ್ತು ಕೂಸುಗಳನ್ನ ದಿನಾ ಎತ್ತಿ ತೂಗಿದ್ದು ಯಾಕ್ರಿ? ಅವರ ತಾಯಂದ್ರ ಕಡೆ ಹೆಬ್ಬಟ್ಟು ಒತ್ತಿಸಿಕೊಂಡಾಗ ಏನಂತ ಹೇಳಿದ್ರಿ?"

ಮಾಸ್ತರರು ರೆಬೆಕಾಳ ಕಡೆ ತಿರುಗಿದರು.

"ಮತ್ತ ಇಕಿ ಇನ್ನೂರೈವತ್ತು ಅಂತಾಳ. ಐದನೂರು ಯಾಕ ಬ್ಯಾಡವಾ? ಹೆಚ್ಚಾದಷ್ಟೂ ಛಲೋ ಅಲ್ಲೇನು?"

ರೆಬೆಕಾ ಮೈತ್ರೇಯಿಯ ಮುಖ ನೋಡಿದಳು. ನೀನೇ ಹೇಳು ಎಂಬಂತೆ ಮೈತ್ರೇಯಿ ತಲೆಯಾಡಿಸಿದಳು. ಹುಡುಗಿ ತಾನೇ ಹೇಳಿದಳು: "ಬ್ಯಾಡ್ರಿ ಅಜ್ಜಾರ. ಇನ್ನೂರೈವತ್ತಕ್ಕ ತಿಳಿಯೂದನ್ನ ತಿಳಿಯಾಕ ಐದನೂರು ಕೂಸಿಗೆ ತ್ರಾಸ ಯಾಕ ಕೊಡಬೇಕ್ರಿ? ಉಪಯೋಗ ಇದ್ರ, ಉಳದ ಇನ್ನೂರೈವತ್ತಕ್ಕ ಅದು ಲಗೂ ಸಿಗಲಿ."

ಬಾಬುಸಾಬರು ಕನ್ನಡಕ ಹಾಕಿಕೊಂಡರು. "ಹೌದವಾ" ಎಂದರು, ತರಗತಿಯಲ್ಲಿ ಸರಿಯುತ್ತರ ಬಂದಾಗ ಹೇಳುವ ದನಿಯಲ್ಲಿ.

ಸತ್ಯಾನಂದರು ಮೇಜಿನ ಅಂಚನ್ನು ಹೆಬ್ಬೆರಳಿಂದ ಉಜ್ಜಿದರು. "ಆರು ವರ್ಷ" ಎಂದರು, ಯಾರಿಗೂ ಅಲ್ಲದ ಹಾಗೆ. "ದಿನಾ ರೌಂಡಿಗೆ ಹೋಗುವಾಗ ಆ ಮುದುಕ್ಯಾರನ್ನ ದಾಟೇ ಹೋಗ್ತೀನಿ ನಾ." ಆಮೇಲೆ ಅಧ್ಯಕ್ಷರ ಕಡೆ ತಿರುಗಿ, ಎಂದಿನ ಖಾರದ ದನಿಯಲ್ಲಿ ಹೇಳಿದರು: "ಗಬ್ಬೂರ ಬೈಪಾಸ್ ಕಡೆ ನಮ್ಮ ನೋಯೆಲ್ ಒಂದು ಹೆರಿಗಿ ಆಸ್ಪತ್ರಿ ನಡಸ್ತಾನ. ನನ್ನ ಕ್ಲಾಸ್‌ಮೇಟ್. ಅವನಲ್ಲಿ ತಿಂಗಳಿಗೆ ಐದು ಕೂಸು ಸಿಗ್ತಾವ. ಹದಿನೆಂಟು ತಿಂಗಳಿಗೆ ತೊಂಬತ್ತು. ನಮ್ಮವು ನೂರಾ ಎಂಬತ್ತು. ಸಾಕಾಗ್ತದ. ನಾ ಫೋನ್ ಮಾಡ್ತೀನಿ, ಇಲ್ಲಾ ಅಂದ್ರ ಹೋಗಿ ಕುತಗಿ ಹಿಡೀತೀನಿ."

ಒಪ್ಪಿಗೆ ಸಿಕ್ಕಿತು. ಹೊರಗೆ ಬಂದು ಚಹಾ ಕುಡಿಯುವಾಗ ರೆಬೆಕಾಗೆ ನಗು ಬಂತು, ನಗುತ್ತಲೇ ಅತ್ತಳು. ಮೈತ್ರೇಯಿಗೆ ಮಾತ್ರ ಅಂದು ಸಂಜೆಯ ಬಸ್ಸಿನಲ್ಲಿ ಹಳೆಯ ಸಹಿಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಎಷ್ಟಿದ್ದವೋ. ಮರುದಿನವೇ ಅವಳು ತನ್ನ ಬಾಗಿಲಿಗೊಂದು ಚೀಟಿ ಅಂಟಿಸಿದಳು: ಅಂಕಿ ಹಿಡಿದುಕೊಂಡು ಬರಬೇಡಿ, ಪ್ರಶ್ನೆ ಹಿಡಿದುಕೊಂಡು ಬನ್ನಿ. ಕೆಲವರು ಓದಿ ನಕ್ಕರು. ಇಬ್ಬರು ಬಂದರು.

ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ರೆಬೆಕಾ ಫೋನು ಮಾಡಿದಳು. "ಮೇಡಮ್, ಸ್ವಲ್ಪ ಮ್ಯಾಲ ಬರ್ತೀರೇನ್ರಿ? ಐವತ್ತೆಂಟನೇ ಕೂಸಿನ ಅಜ್ಜಿ ಜಗಳ ತಗದಾಳ. ಚೀಟಿ ಬರದವರನ್ನ ಕರೀರಿ ಅಂತಾಳ."

ಯಾವ ಕೂಸಿಗೆ ಅಜ್ಜಿಯೂ ಕೂಡಬೇಕು, ಯಾವುದಕ್ಕೆ ಬರೀ ತಾಯಿ ಎಂಬುದನ್ನು ಯಾರೂ ಆರಿಸುವಂತಿರಲಿಲ್ಲ. ಮೈತ್ರೇಯಿ ಮೊದಲೇ ಬರೆದು ಲಕೋಟೆಗಳಲ್ಲಿ ಮುಚ್ಚಿಟ್ಟ ಚೀಟಿಗಳಿಂದ ಅದು ಗೊತ್ತಾಗುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಅವಳು ಆ ವಾರ್ಡಿಗೆ ಒಮ್ಮೆಯೂ ಹೋಗಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು, ಹಸಿರು ಗೌನು ಹಾಕಿಕೊಂಡು ಒಳಗೆ ಹೋದಳು. ಬೆಚ್ಚಗಿನ ಕೋಣೆ, ಹಾಲಿನ ವಾಸನೆ. ಕಿಟಕಿಯ ಕಡೆ ಒಬ್ಬ ಮುದುಕಿ ಕಣ್ಣು ಮುಚ್ಚಿ ಒರಗಿದ್ದಳು. ಅವಳ ಎದೆಯ ಮೇಲಿನ ಬಟ್ಟೆಯೊಳಗಿಂದ ಒಂದು ಟೊಪ್ಪಿಗೆ ಮಾತ್ರ ಕಾಣುತ್ತಿತ್ತು.

ಜಗಳ ತೆಗೆದವಳು ಖಾತುನಬಿ. ಬಾಗಿಲ ಬಳಿಯೇ ನಿಂತು ಕಿಟಕಿಯ ಕಡೆ ಕೈ ತೋರಿಸಿದಳು. "ನೀವೇನ್ರಿ ಚೀಟಿಯವರು? ಅಕಿಗೆ ಅಜ್ಜಿ ಅಂತ ಬರದೀರಿ, ನಮಗ ಬರೀ ತಾಯಿ ಅಂತ ಬರದೀರಿ. ಅಕಿ ಎದಿ ಬ್ಯಾರೆ, ನನ್ನ ಎದಿ ಬ್ಯಾರೇನ್ರಿ?"

"ಬ್ಯಾರೆ ಅಲ್ಲವಾ. ಅಕಿ ಕುಂತದ್ದು ಛಲೋ ಆಗ್ತದೋ ಇಲ್ಲೋ ನಮಗಿನ್ನೂ ಗೊತ್ತಿಲ್ಲ. ಖರೇನ ಗೊತ್ತಿಲ್ಲ. ಎರಡೂ ಥರ ನೋಡಿದ್ರನ ತಿಳೀತದ. ನಿಮಗ ಮನಸ್ಸಿಲ್ಲಂದ್ರ ಬಿಡಬಹುದು, ಕೂಸಿನ ಉಪಚಾರಕ್ಕೇನೂ ಕಡಿಮಿ ಆಗೂದಿಲ್ಲ."

ಖಾತುನಬಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. "ಇಷ್ಟು ದೊಡ್ಡ ದವಾಖಾನಿ, ಗೊತ್ತಿಲ್ಲಂತೀರಿ."

"ಹೌದು."

"ಯಾವಾಗ ಗೊತ್ತಾಗ್ತದ?"

"ಇನ್ನ ಒಂದು ವರ್ಷ, ಒಂದೆರಡು ತಿಂಗಳು."

ಖಾತುನಬಿ ಮನಸ್ಸಿನಲ್ಲೇ ಏನೋ ಎಣಿಸಿದಳು. ಮಂಚದ ಮೇಲಿದ್ದ ಮಗಳ ಕಡೆ ನೋಡಿದಳು. "ಹಂಗಾದ್ರ ಇಕಿ ಎರಡನೇ ಕೂಸಿನ ಹೊತ್ತಿಗೆ ಗೊತ್ತಾಗಿರತದ" ಎಂದಳು. ಮಂಚದ ಮೇಲಿನ ಹುಡುಗಿ "ಅಮ್ಮಾ!" ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ನರ್ಸು ನಕ್ಕಳು. "ಇರ್ಲಿ, ಬರಕೋರಿ ನಮ್ಮದು" ಎಂದಳು ಖಾತುನಬಿ.

ರೆಬೆಕಾ ಆ ಐವತ್ತೆಂಟನೇ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ತಕ್ಕಡಿಯ ತಟ್ಟೆಯ ಮೇಲೆ ಮಲಗಿಸಿದಳು. ಕೂಸು ಕಾಲು ಝಾಡಿಸಿತು. ಕೆಂಪು ಅಂಕಿಗಳು ಸಾವಿರದ ನಾಲ್ಕುನೂರಾ ಹದಿನೆಂಟಕ್ಕೆ ಏರಿದವು, ಸಾವಿರದ ಮುನ್ನೂರಾ ತೊಂಬತ್ತಕ್ಕೆ ಇಳಿದವು, ಮತ್ತೆ ಏರಿದವು. ಖಾತುನಬಿ ಬಗ್ಗಿ ನೋಡಿದಳು, ಮೈತ್ರೇಯಿಯೂ ಬಗ್ಗಿದಳು. ಎಲ್ಲರೂ ಕೂಸು ಸುಮ್ಮನಾಗುವುದನ್ನೇ ಕಾಯುತ್ತ ನಿಂತರು.