ಸಿಡಿಯದ ತೋಟಾ

ನಾನು ಒಂದು ಹುಸಿ ತೋಟಾ. ನನ್ನ ಹೊಟ್ಟೆಯಲ್ಲಿ ಮದ್ದಿಲ್ಲ, ಬುಡದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಕೇಪಿಲ್ಲ. ಆದರೂ ಗೋಣಿಕೊಪ್ಪದ ಒಂದು ಮನೆಯಲ್ಲಿ ತಯಾರಾದ ಸಾವಿರಾರು ತೋಟಾಗಳಿಗೆ ಅಳತೆ ಹೇಳಿದವನು ನಾನೇ.

ನನ್ನನ್ನು ಮಾಡಿದವರು ನಿವೃತ್ತ ಸುಬೇದಾರ್ ಬಿದ್ದಪ್ಪ. ಖಾಲಿ ಹಿತ್ತಾಳೆ ಕೋಶದ ಬಾಯಿಗೆ ಒಂದು ಗುಂಡನ್ನು ಸಡಿಲವಾಗಿ ಸಿಕ್ಕಿಸಿ, ನನ್ನನ್ನು ರೈಫಲ್ಲಿಗೆ ತುಂಬಿ ಹಿಂಬದಿಯ ಬೀಗದಂಥ ಬೋಲ್ಟ್ ಮುಚ್ಚಿದರು. ಗುಂಡಿನ ಮೂತಿ ನಳಿಗೆಯೊಳಗಿನ ಸುರುಳಿ ಗೆರೆಗಳಿಗೆ ತಾಗಿ, ತಕ್ಕಷ್ಟೇ ಕೋಶದೊಳಕ್ಕೆ ಹಿಂದೆ ಸರಿದು ನಿಂತಿತು. ಮೆಲ್ಲಗೆ ಹೊರತೆಗೆದು ಅಳೆದರು. ನನ್ನ ಉದ್ದವೇ ಆ ನಳಿಗೆಗೆ ತುಂಬುವ ತೋಟಾಗಳ ಗಡಿಯಾಯಿತು.

ಆಮೇಲೆ ಅವರು ಗುಂಡನ್ನು ಕೋಶದೊಳಗೆ ಸ್ವಲ್ಪ ಸ್ವಲ್ಪವೇ ಆಳಕ್ಕೆ ಕೂರಿಸುತ್ತ, ಒಂದೊಂದು ಆಳಕ್ಕೆ ಐದೈದು ನಿಜವಾದ ತೋಟಾ ಮಾಡಿ ಹೊಡೆದು ನೋಡಿದರು. ಒಂದು ಆಳದಲ್ಲಿ ಗುರಿಹಲಗೆಯ ಐದೂ ತೂತುಗಳು ಒಂದರೊಳಗೊಂದು ಸೇರಿದವು. ಆ ಆಳವನ್ನೇ ಖಾಯಂ ಮಾಡಿಕೊಂಡರು.

ವಯಸ್ಸಾಗಿ ಕೈ ನಡುಗತೊಡಗಿದಾಗ ಅವರು ರೈಫಲ್ಲನ್ನೂ ನನ್ನನ್ನೂ ಸೊಸೆ ದೇಚಮ್ಮನಿಗೆ ಕೊಟ್ಟರು. ಆಕೆಯ ಗುರಿ ಮಾವನದಕ್ಕಿಂತ ಚುರುಕು, ತಾಳ್ಮೆ ಕಮ್ಮಿ.

"ಮಾವ, ಗುಂಡು ಗೆರೆಗೆ ತಾಗಿಕೊಂಡೇ ಇದ್ರೆ ಇನ್ನೂ ಚೆನ್ನಾಗಿ ಹೋಗ್ತದಲ್ಲ?"

"ಹೋಗಬಹುದು. ಹೊಡೆಯದೆ ವಾಪಸ್ ತೆಗೀಬೇಕಾಗಿ ಬಂದ್ರೆ?"

ಆಕೆ ಕೇಳಲಿಲ್ಲ. ನನ್ನಷ್ಟೇ ಉದ್ದಕ್ಕೆ ತೋಟಾ ಮಾಡಿಕೊಂಡು ಮೈಸೂರಿನ ಸ್ಪರ್ಧೆಗೆ ಹೋದಳು. ಕೊನೆಯ ಸುತ್ತಿನವರೆಗೂ ಆಕೆಯೇ ಮುಂದಿದ್ದಳು. ಬಾಕಿ ಇದ್ದ ಒಂದೇ ತೋಟಾವನ್ನು ತುಂಬಿ ಆದಾಗ ಯಾರೋ ಗುರಿಹಲಗೆಯತ್ತ ನಡೆದದ್ದು ಕಂಡು ಮೇಲ್ವಿಚಾರಕರು "ನಿಲ್ಲಿಸಿ, ಖಾಲಿ ಮಾಡಿ" ಎಂದರು. ದೇಚಮ್ಮ ಬೋಲ್ಟ್ ಎಳೆದಳು. ಹಿತ್ತಾಳೆ ಕೋಶ ಮಾತ್ರ ಹೊರಬಂತು. ಗುಂಡು ಗೆರೆಗಳಲ್ಲಿ ಕಚ್ಚಿಕೊಂಡು ನಳಿಗೆಯಲ್ಲೇ ಉಳಿಯಿತು, ಮದ್ದಿನ ಪುಡಿ ರೈಫಲ್ಲಿನೊಳಗೆಲ್ಲ ಚೆಲ್ಲಿತು. ಆ ದಿನದ ಆಟ ಅಲ್ಲಿಗೆ ಮುಗಿಯಿತು.

ಮನೆಯಲ್ಲಿ ಬಿದ್ದಪ್ಪ ಗದರಲಿಲ್ಲ. ನನ್ನನ್ನು ಮೇಜಿನ ಮೇಲಿಟ್ಟು, "ಇದು ಗಡಿ ಕಣಮ್ಮ, ಮನೆಯಲ್ಲ" ಎಂದರು. ಮರುದಿನ ದೇಚಮ್ಮ ಗುಂಡನ್ನು ಒಳಗೆ ಸರಿಸುತ್ತ ಐದೈದರ ಲೆಕ್ಕದಲ್ಲಿ ಮೊದಲಿನಿಂದ ಶುರುಮಾಡಿದಳು. ಮುಂದಿನ ವರ್ಷ ಅದೇ ಮೈದಾನದಲ್ಲಿ ಗೆದ್ದಳು. ಪದಕವನ್ನು ಹಾಸಿಗೆ ಹಿಡಿದಿದ್ದ ಮಾವನ ಅಂಗೈಯಲ್ಲಿಟ್ಟಳು.

ವರ್ಷಗಳು ಕಳೆದು ನಳಿಗೆ ಸವೆಯಿತು. ಹೊಸ ನಳಿಗೆ ಬಂತು, ಅದಕ್ಕೊಂದು ಹೊಸ ಹುಸಿ ತೋಟಾವೂ ಹುಟ್ಟಿತು. ಈಗ ನಾನು ತಗಡಿನ ಡಬ್ಬಿಯಲ್ಲಿದ್ದೇನೆ, ಬಣ್ಣ ಕಂದಿದೆ. ದೇಚಮ್ಮ ಗುರಿ ಹೊಡೆಯುವುದನ್ನು ಕಲಿಸುವಾಗ ನನ್ನನ್ನು ಹೊರತೆಗೆದು ಕಲಿಯಲು ಬಂದವರ ಕೈಗೆ ಕೊಡುತ್ತಾಳೆ.

"ಇದರ ಅಳತೆ ಬರ್ಕೋಬೇಡಿ. ಇದು ನಮ್ಮ ಹಳೇ ನಳಿಗೆಗೆ ಮಾತ್ರ ಸರಿ. ನಿಮ್ಮದನ್ನ ನೀವೇ ಅಳೀಬೇಕು."

ನನಗೆ ಬೇಸರವಿಲ್ಲ. ಒಂದೇ ಒಂದು ನಳಿಗೆಯ ವಿಷಯ ನನಗೆ ಗೊತ್ತಿತ್ತು. ಅದನ್ನು ಕೂದಲೆಳೆಯಷ್ಟೂ ತಪ್ಪದೆ ಹೇಳಿದ್ದೇನೆ.