ಬೇಡಿ ತಂದ ಎಡೆ

ಅಗತೀನಾ ಯಾರ ಬಾಗಿಲಲ್ಲೂ ನಿಂತು ಒಂದು ಹಿಡಿ ಉಪ್ಪು ಕೇಳಿದವಳಲ್ಲ. ಗಂಡ ನಾರ್ದೋ ಸತ್ತ ಮೇಲೆ ಹನ್ನೊಂದು ವರ್ಷ, ಬಾಸ್ಟನ್ನಿನ ನಾರ್ತ್ ಎಂಡಿನಲ್ಲಿ ಎಂಟು ಮೇಜಿನ ಖಾನಾವಳಿಯನ್ನು ಒಬ್ಬಳೇ ನಡೆಸಿಕೊಂಡು ಬಂದಿದ್ದಳು. ಬೀದಿಯಲ್ಲಿ ಹೆರಿಗೆಯಾದರೆ ಅವಳ ಸಾರು ಹೋಗುತ್ತಿತ್ತು, ಸಾವಾದರೆ ಅವಳ ರೊಟ್ಟಿ ಹೋಗುತ್ತಿತ್ತು. ಬದಲಿಗೆ ಯಾರಾದರೂ ಏನಾದರೂ ತಂದರೆ, ನಮ್ಮಲ್ಲಿ ಇದೆ ಎಂದು ಹೊಸಿಲಿನಿಂದಲೇ ವಾಪಸ್ಸು ಕಳಿಸುತ್ತಿದ್ದಳು.

ಅಂಥವಳು ಎಪ್ಪತ್ತಮೂರನೆಯ ಇಸವಿಯ ಫೆಬ್ರವರಿಯಲ್ಲಿ, ಬಿರುಗಾಳಿಗೆ ಸಿಕ್ಕ ಮಗನ ಮೀನುದೋಣಿ ಎರಡು ದಿನ ಪತ್ತೆಯಿಲ್ಲದಾದಾಗ, ಸಂತ ಜೋಸೆಫನ ಪಟದ ಮುಂದೆ ಮಂಡಿಯೂರಿ ಹರಕೆ ಹೊತ್ತಳು. ಮಗ ಬದುಕಿ ಬಂದರೆ ನಿನ್ನ ಹಬ್ಬಕ್ಕೆ ಬೀದಿಗೆಲ್ಲ ಊಟ ಹಾಕುತ್ತೇನೆ; ಅದರ ಕಾಳುಕಾಳನ್ನೂ ಈ ಬೀದಿಯ ಒಂದು ಒಲೆಯನ್ನೂ ಬಿಡದೆ ಬೇಡಿ ತರುತ್ತೇನೆ. ಸಿಸಿಲಿಯ ಅವಳ ಹಿರಿಯರು ಹರಕೆಯ ಊಟ ಹಾಕುತ್ತಿದ್ದದ್ದೇ ಹಾಗೆ, ಬೇಡಿ.

ಮೂರನೆಯ ದಿನ ಮಗ ಅಕ್ಕುರ್ಸಿಯೋ ಕಿಟಕಿಯೊಡೆದ ದೋಣಿಯಲ್ಲಿ ಬಂದ. ಹಸಿವು ಅಂದ. ಅವನು ಮೂರು ತಟ್ಟೆ ಮುಗಿಸುವುದನ್ನು ನೋಡಿ, ಆಮೇಲೆ ಅಡುಗೆಮನೆಗೆ ಹೋಗಿ ಅವಳು ಅತ್ತಳು. ಅತ್ತು ಮುಗಿದ ಮೇಲೆ ಹೊಳೆಯಿತು: ಒಂದು ಒಲೆಯನ್ನೂ ಬಿಡದೆ ಅಂದುಬಿಟ್ಟಿದ್ದಳು. ಎದುರುಗಡೆ ಉರಿಯುತ್ತಿದ್ದದ್ದು ಕಲೋಜೆರಾಳ ಒಲೆ.

ಕಲೋಜೆರಾ ನಾರ್ದೋನ ತಂಗಿ. ಅಣ್ಣ ಸತ್ತ ವರ್ಷವೇ ಎದುರಿಗೆ ತನ್ನದೊಂದು ಖಾನಾವಳಿ ತೆರೆದು, ಅಣ್ಣನ ಮನೆಯ ಅಡುಗೆಯನ್ನೇ ಬಡಿಸತೊಡಗಿದ್ದಳು. ಅಂದಿನಿಂದ ಅತ್ತಿಗೆ ನಾದಿನಿಯರದು ಎಣ್ಣೆ ಸೀಗೆಕಾಯಿ. ಬೆಳಿಗ್ಗೆ ಇಬ್ಬರೂ ಒಂದೇ ಹೊತ್ತಿಗೆ ಬಾಗಿಲ ಮುಂದೆ ಗುಡಿಸುತ್ತಿದ್ದರು. ಒಬ್ಬಳ ಕಸ ಇನ್ನೊಬ್ಬಳ ಕಡೆಗೆ ಹೋಗುವ ಹಾಗೆ.

ತಾಯಿಗೆ ನಿದ್ದೆ ಬಾರದ್ದು ಕಂಡು ಅಕ್ಕುರ್ಸಿಯೋ ಒಂದು ಉಪಾಯ ಮಾಡಿದ. ಹಬ್ಬ ವಾರವಿರುವಾಗ ಸಗಟು ಮಾರುಕಟ್ಟೆಯಿಂದ ವ್ಯಾನು ತುಂಬ ಕಾಳು, ಎಣ್ಣೆ, ಸೊಪ್ಪು ತಂದು ಅಡುಗೆಮನೆಯಲ್ಲಿ ಪೇರಿಸಿದ. ಇನ್ನು ಯಾರ ಮುಂದೆಯೂ ಕೈ ಚಾಚುವುದು ಬೇಡ ಎಂದ.

"ದುಡ್ಡು ಕೊಟ್ಟು ತಂದ್ರೆ ಅದು ಹರಕೆ ಅಲ್ಲ ಕಣೋ, ಸಂತೆ," ಅಂದಳು ಅಗತೀನಾ. "ನಿನ್ನ ಜೀವ ನಾನೇನು ಸಂತೇಲಿ ಕೊಂಡ್ಕೊಂಡು ಬಂದ್ನಾ?"

"ಹೋಗ್ಲಿ, ಅತ್ತೆ ಬಾಗಿಲೊಂದು ಬಿಟ್ಬಿಡಮ್ಮ. ಸಂತ ಏನು ಬಾಗಿಲು ಎಣಿಸ್ಕೊಂಡು ಕೂತಿರ್ತಾನಾ?"

"ಅವನು ಬಡಗಿ ಕಣೋ. ಅಳತೆ ತಪ್ಪೋನಲ್ಲ. ಹಬ್ಬದ ಮಾರನೆ ದಿನ ಸಮುದ್ರಕ್ಕೆ ಹೋಗೋನು ನೀನು, ನಾನಲ್ಲ."

ವ್ಯಾನಿನ ಸಾಮಾನೆಲ್ಲ ಅದೇ ದಿನ ಚರ್ಚಿನ ವೃದ್ಧಾಶ್ರಮಕ್ಕೆ ಹೋಯಿತು. ಮರುದಿನ ಬೆಳಿಗ್ಗೆ ಅಗತೀನಾ ತಲೆಗೆ ಕಪ್ಪು ವಸ್ತ್ರ ಕಟ್ಟಿ, ಬುಟ್ಟಿ ಹಿಡಿದು ಹೊರಟಳು.

ಮೊದಲ ಬಾಗಿಲು ಪೆಪ್ಪಿನೋನ ಬೇಕರಿ. ಅವಳನ್ನು ಕಂಡು ಅವನು, ನಿನ್ನೆಯ ರೊಟ್ಟಿ ಸೀದಿತ್ತೇನು ಎಂದು ತಾನೇ ಕ್ಷಮೆ ಕೇಳತೊಡಗಿದ. ಅವಳು ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ಕೊನೆಗೆ, ಸಂತ ಜೋಸೆಫನ ಹೆಸರಲ್ಲಿ ಏನಾದರೂ ಕೊಡು ಎಂದು ನೆಲ ನೋಡುತ್ತ ಹೇಳಿದಳು. ಪೆಪ್ಪಿನೋ ಕೈ ಒರೆಸಿಕೊಂಡು ಒಳಗೆ ಹೋದವನು ಹಿಟ್ಟಿನ ಚೀಲವನ್ನೇ ಹೊತ್ತು ತಂದ.

ಕಾಫಿ ಅಂಗಡಿಯಲ್ಲಿ ಇಸ್ಪೀಟಾಡುತ್ತಿದ್ದ ಮುದುಕರು ಟೋಪಿ ತೆಗೆದು ಎದ್ದು ನಿಂತರು. ಅಲ್ಲಿ ಸಕ್ಕರೆ ಸಿಕ್ಕಿತು. ಕೊಟ್ಟದ್ದನ್ನು ಆರಿಸುವ ಹಾಗಿಲ್ಲ, ಹಿಂತಿರುಗಿಸುವ ಹಾಗಿಲ್ಲ, ಅದು ಬೇಡುವವರ ನಿಯಮ. ಹಾಗಾಗಿ ಮೀನು ಕರಿಯುವ ತಾನೋ ಎಂಬವನು, ಅವಳು ವರ್ಷವಿಡೀ ಹಳಿಯುತ್ತಿದ್ದ ಎಣ್ಣೆಯನ್ನೇ ಒಂದು ಡಬ್ಬ ಬೇಕೆಂತಲೇ ಕೊಟ್ಟ. ನೇಪಲ್ಸಿನ ಕಡೆಯ ಪಿಜ್ಜಾದವನು, ನಿಮ್ಮ ಸಿಸಿಲಿಯ ಸಂತರಿಗೂ ಕೊನೆಗೆ ನಮ್ಮ ಟೊಮೆಟೊನೇ ಗತಿ ನೋಡಿ ಎಂದು ಚುಚ್ಚಿ, ಒಂದು ಪೆಟ್ಟಿಗೆ ಟೊಮೆಟೊ ಅವಳ ಮನೆಯವರೆಗೂ ಹೊತ್ತು ತಂದಿಟ್ಟ.

ಐದಾರು ಬಾಗಿಲು ಕಳೆಯುವಷ್ಟರಲ್ಲಿ ಅವಳಿಗೊಂದು ಸಂಗತಿ ಕಣ್ಣಿಗೆ ಬಿತ್ತು. ಅವಳ ಮುಂದೆ ಬಾಯಿ ಬಿಡಲು ಅಂಜುತ್ತಿದ್ದವರೆಲ್ಲ ಈಗ ಮಂಡಿನೋವು, ಸೊಸೆಯ ಕಾಟ ಎಲ್ಲ ಹೇಳಿಕೊಳ್ಳುತ್ತಿದ್ದರು. ಕೊಡುವುದರಲ್ಲಿ ಎಷ್ಟು ಸಂತೋಷವಿದೆ ಎಂದು ಅವಳಿಗೆ ಗೊತ್ತೇ ಇತ್ತು. ಬೇರೆಯವರಿಗೆ ಅದನ್ನು ಬಿಟ್ಟುಕೊಟ್ಟಿರಲಿಲ್ಲ, ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಒಂದೇ ಬಾಗಿಲು. ಬೀದಿಗೆ ಬೀದಿಯೇ ಕೆಲಸ ಬಿಟ್ಟು ಹೊಸಿಲಿಗೆ ಬಂದು ನಿಂತಿತ್ತು. ಅಗತೀನಾ ತಟ್ಟಿದಳು.

ಬಾಗಿಲು ಒಂದು ಗೇಣು ತೆರೆಯಿತು. "ಇಲ್ಲಿ ಜಾಗ ಇಲ್ಲ. ಮುಂದಕ್ಕೆ ಹೋಗಿ," ಎಂಬ ಕಲೋಜೆರಾಳ ದನಿ ಬಂತು, ಬಾಗಿಲು ಮುಚ್ಚಿತು.

ನೋಡುತ್ತಿದ್ದವರು ನಕ್ಕರು. ಹಬ್ಬದ ದಿನ ಮಕ್ಕಳು ಮೇರಿ, ಜೋಸೆಫರ ವೇಷ ಹಾಕಿ ಆಶ್ರಯ ಕೇಳುತ್ತ ಬರುವಾಗ ಮೊದಲೆರಡು ಮನೆಯವರು ಅನ್ನುವ ಮಾತೇ ಅದು. ಮೂರನೆಯ ಬಾಗಿಲು ತೆರೆಯುತ್ತದೆ. ಕಲೋಜೆರಾ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡರು. ಅದು ತಮಾಷೆಯಲ್ಲವೆಂದು ಗೊತ್ತಿದ್ದವಳು ಅಗತೀನಾ ಒಬ್ಬಳೇ. ನಾರ್ದೋನನ್ನು ಮಣ್ಣು ಮಾಡಿದ ವಾರಕ್ಕೆ ಕಲೋಜೆರಾ, ಇಪ್ಪತ್ತು ವರ್ಷ ತಾನು ಹಿಟ್ಟು ನಾದಿದ್ದ ಅಡುಗೆಮನೆಗೆ ಎಂದಿನಂತೆ ಕೆಲಸಕ್ಕೆ ಬಂದಿದ್ದಳು. ಇಲ್ಲಿ ಜಾಗ ಇಲ್ಲ ಎಂದು ಅಗತೀನಾ ಅವಳನ್ನು ಬಾಗಿಲಿನಿಂದಲೇ ಅಟ್ಟಿದ್ದಳು. ಈ ಜಗಳದ ಕಥೆಯನ್ನು ಊರಿಗೆಲ್ಲ ನೂರು ಸಲ ಹೇಳಿದ್ದಳು, ಆ ಭಾಗವೊಂದನ್ನು ಬಿಟ್ಟು.

ಮತ್ತೆ ತಟ್ಟಿದಳು. ಮತ್ತೆ ಅದೇ ಮಾತು, ಈ ಸಲ ಬಾಗಿಲೂ ತೆರೆಯಲಿಲ್ಲ. ಈಗ ಯಾರೂ ನಗಲಿಲ್ಲ. ಮೀನಿನ ತಾನೋ ಹತ್ತಿರ ಬಂದು, ಬೇಡುವುದು ನಿನ್ನ ಪಾಲಿನದು, ಬೇಡಿದ್ದಾಯಿತು, ಹರಕೆ ತೀರಿತು, ನಡಿ ಎಂದು ಮೆತ್ತಗೆ ಹೇಳಿದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಅಗತೀನಾ ಬುಟ್ಟಿಯನ್ನು ಕೆಳಗಿಟ್ಟು, ಮೂರನೆಯ ಸಲ ತಟ್ಟಿ, ಮುಚ್ಚಿದ ಬಾಗಿಲಿಗೆ ಬಾಯಿ ಹತ್ತಿರ ತಂದಳು.

"ಕಲೋಜೆರಾ, ಅವತ್ತು ಜಾಗ ಇತ್ತು. ಮನಸ್ಸಿರ್ಲಿಲ್ಲ."

ಒಳಗೆ ಚಿಲಕ ಸರಿಯಿತು. ಆಮೇಲೆ ಬಾಗಿಲು ಪೂರ್ತಿ ತೆರೆಯಿತು. ಕಲೋಜೆರಾಳ ಕೂದಲು ಹತ್ತಿರದಿಂದ ನೋಡಿದರೆ ಎಷ್ಟೋ ಬೆಳ್ಳಗಾಗಿತ್ತು.

"ನಿಂಗೆ ಇಲ್ಲ ಅನ್ಬೇಕು ಅಂತ ಹನ್ನೊಂದು ವರ್ಷ ಕಾದಿದ್ದೆ ಅತ್ತಿಗೆ," ಅಂದಳು. "ಎರಡು ಸಲ ಅಂದೆ. ಅಷ್ಟಕ್ಕೇ ಮುಗ್ದೋಯ್ತು ನೋಡು."

ಒಳಗಿನಿಂದ ಒಂದು ದೊಡ್ಡ ಚೀಲ ತಂದು ಬುಟ್ಟಿಯಲ್ಲಿಟ್ಟಳು. ಹುರಿದ ರೊಟ್ಟಿಪುಡಿ. ಉಪವಾಸದ ತಿಂಗಳಲ್ಲಿ ಪಾಸ್ತಾದ ಮೇಲೆ ಚೀಸಿನ ಬದಲು ಉದುರಿಸುವುದು. ಬಡಗಿ ಸಂತನ ಮರದ ಹೊಟ್ಟು ಎಂದು ಅದಕ್ಕೆ ಹೆಸರು. ಅಗತೀನಾಳ ಮೂಗಿಗೆ ದಾಲ್ಚಿನ್ನಿಯ ಘಾಟು ಬಡಿಯಿತು. ಅವಳ ಅಡುಗೆಮನೆಯಲ್ಲಾಗಿದ್ದರೆ ಅದನ್ನು ಬೆಕ್ಕಿಗೂ ಹಾಕುತ್ತಿರಲಿಲ್ಲ. ಬಾಯಿ ತೆರೆದು ಮುಚ್ಚಿದಳು.

"ದಾಲ್ಚಿನ್ನಿ ಜಾಸ್ತಿ ಅಂತ ತಾನೆ?"

"ಬೇಡೋಳು ರುಚಿ ಹೇಳ್ಬಾರ್ದು," ಅಂದಳು ಅಗತೀನಾ.

ಹಬ್ಬದ ದಿನ ಮೇಜುಗಳನ್ನು ಬೀದಿಗೆ ಹಾಕಿದರು. ಪಿಜ್ಜಾದವನು ಎರಡನೆಯ ತಟ್ಟೆ ನೆಕ್ಕುತ್ತ, ಹನ್ನೊಂದು ವರ್ಷದಿಂದ ತಿನ್ನುತ್ತಿದ್ದೇನೆ, ನಿಮ್ಮ ಕೈಯ ರೊಟ್ಟಿಪುಡಿ ಇಷ್ಟು ರುಚಿಯಾದದ್ದು ಇದೇ ಮೊದಲು ಎಂದು ಅಗತೀನಾಳನ್ನು ಹೊಗಳಿದ. ಮೂರನೆಯ ಮೇಜಿನ ತುದಿಯಲ್ಲಿ ಕೂತಿದ್ದ ಕಲೋಜೆರಾ ತಟ್ಟೆಯಿಂದ ತಲೆ ಎತ್ತಲಿಲ್ಲ. ಸುತ್ತಲಿನವರ ಫೋರ್ಕುಗಳು ನಿಂತವು.

"ನಂದಲ್ಲ," ಅಂದಳು ಅಗತೀನಾ, ಎಲ್ಲರಿಗೂ ಕೇಳುವ ಹಾಗೆ. "ನನ್ನ ನಾದಿನೀದು. ನನಗಿಂತ ಚೆನ್ನಾಗಿ ಮಾಡ್ತಾಳೆ."

ಕಲೋಜೆರಾ ತಟ್ಟೆಯನ್ನು ಅತ್ತಿಗೆಯ ಮುಂದಕ್ಕೆ ಚಾಚಿ, ಇನ್ನೊಂದಿಷ್ಟು ಹಾಕು ಎಂದು ಕೇಳಿದಳು.